ನೆಲಮನೆಗೆ ಬಂದೂಕು ಬಂದ ವರ್ಷ

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳಿಗೆ ಹೊಸ್ತಿಲಲ್ಲಿ ಕಾಲಿಗೆ ನೀರು ಕೊಡುವುದು ರೂಢಿ. ನನಗೆ ಸಿಕ್ಕಿದ್ದು ಮೊಳೆ ತುಂಬಿದ ಪುಟ್ಟಿ. ಅಪ್ಪ ಪಡಸಾಲೆಯಲ್ಲಿ ಬಡಿಗನ ಬೆನ್ನಿಗೆ ನಿಂತು ಹಲಗೆ ಕೊರೆಸುತ್ತಿದ್ದ. ಬಂದವರು ಯಾರೆಂದು ತಿರುಗಿಯೂ ನೋಡದೆ, ಇದನ್ನು ಹಿಡಿ ಎಂದು ಪುಟ್ಟಿಯನ್ನು ನನ್ನ ಕೈಗೆ ದಾಟಿಸಿದ. ತುಂಬಿದ ಬಸುರಿ ನಾನು, ಅದನ್ನು ಹಿಡಿದುಕೊಂಡು ಅಲ್ಲೇ ನಿಂತೆ.

ಲಕ್ಷ್ಮೇಶ್ವರದ ನನ್ನ ಅತ್ತೆಮನೆಯವರಿಗೆ ನನ್ನನ್ನು ತವರೂರು ಮುಂಡರಗಿಗೆ ಕಳಿಸುವ ಮನಸ್ಸೇ ಇರಲಿಲ್ಲ. ಸ್ವಾತಂತ್ರ್ಯವೇನೋ ಬಂದಿತ್ತು, ಆದರೆ ನಮ್ಮೂರಿನ ಆಚೆಗಿದ್ದ ಹೈದರಾಬಾದ ಸಂಸ್ಥಾನದ ಸೀಮೆಗೆ ಬಂದಿರಲಿಲ್ಲ. ಗಡಿಯ ಹಳ್ಳಿಗಳನ್ನು ದಾಳಿಕೋರರು ಸುಲಿಯುತ್ತಿದ್ದಾರೆಂಬ ಖಬರು ದಿನಾ ಬರುತ್ತಿತ್ತು. ಗದಗಿನಲ್ಲಿ ನಮ್ಮ ನೆಂಟರಿದ್ದಾರೆ, ಅಲ್ಲೇ ಹೆರಲಿ ಎಂದು ಅತ್ತೆ ಎಷ್ಟೋ ಹೇಳಿದರು. ಚೊಚ್ಚಲ ಹೆರಿಗೆ ತಾಯಿಯ ಕೈಯಲ್ಲೇ ಆಗಬೇಕೆಂದು ಹಟ ಹಿಡಿದವಳು ನಾನು. ಶಿರಹಟ್ಟಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದಾಗ ಎದುರು ಬಂದ ಗಾಡಿಗಳಲ್ಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಆ ಕಡೆಯಿಂದ ಬರುವವರೇ ಇದ್ದರು. ಆ ಕಡೆಗೆ ಹೋಗುವವಳು ನಾನೊಬ್ಬಳೇ ಎಂಬುದು ತಿಳಿದದ್ದು ಆಗಲೇ.

ನಮ್ಮದು ಈಶ್ವರನ ಗುಡಿಯ ಸೇವೆಯ ಮನೆತನ. ಪೂಜೆ ದೊಡ್ಡಪ್ಪನ ಪಾಲಿಗೆ ಹೋಗಿತ್ತು, ಅಪ್ಪ ಶಾಲೆಯ ಮಾಸ್ತರನಾಗಿದ್ದ. ಸೀಮೆಸುಣ್ಣದ ತುಂಡನ್ನೂ ಬೀಗ ಹಾಕಿ ಇಡುವ ಮಾಸ್ತರ. ಗಡಿ ಕಾಯಲು ಊರಲ್ಲಿ ಬೀಡು ಬಿಟ್ಟಿದ್ದ ತರುಣರ ದಳದವರಿಗೆ ಬಂದೂಕು ಇಡಲು ಭದ್ರವಾದ ಜಾಗ ಬೇಕಾದಾಗ ಅವರು ಇಂಥ ಮನುಷ್ಯನನ್ನು ಹುಡುಕಿಕೊಂಡು ಬಂದದ್ದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಏನೆಂದರೆ ಅಪ್ಪ ಅವರಿಗೆ ಕೊಟ್ಟ ಜಾಗ. ಪಡಸಾಲೆಯ ಕೆಳಗೆ ನಮಗೊಂದು ನೆಲಮನೆ ಇತ್ತು. ಹಿಂದೆ ಜೋಳದ ಚೀಲ ಇಡುತ್ತಿದ್ದರಂತೆ. ನಾನು ಕಂಡಂತೆ ಅದು ಮುರಿದ ತೊಟ್ಟಿಲು, ತೂತುಬಿದ್ದ ಹಂಡೆಗಳ ಗೂಡು. ಗಾಳಿಯಾಡದ ಬೆಚ್ಚನೆಯ ಜಾಗವೆಂದು ಅದನ್ನು ಸಾರಿಸಿ ನನ್ನ ಬಾಣಂತನಕ್ಕೆ ಸಜ್ಜು ಮಾಡುವುದಾಗಿ ಅವ್ವ ಹೇಳಿಕಳಿಸಿದ್ದಳು.

"ಯಪ್ಪಾ, ಹಂಗಾದ್ರ ನಾ ಹಡಿಯೂದು ಎಲ್ಲಿ?" ಎಂದೆ.

"ಮ್ಯಾಲ ಹಡಿ. ಕೆಳಗ ಊರಿನ ಜೀವ ಐತಿ," ಎಂದ ಅಪ್ಪ.

ಮಗಳ ಜೀವ ಯಾವ ಊರಿಗೆ ಸೇರಿದ್ದೋ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವನು ಬಡಿಗನ ಕಡೆ ತಿರುಗಿಯಾಗಿತ್ತು.

ಆದರೂ ಅಪ್ಪ ಮಾಡಿಸಿದ ಕೆಲಸವನ್ನು ಹಳಿಯಲಾರೆ. ತೇವ ಏರದಂತೆ ಗೋಡೆಗೆ ಗಾರೆ ಗಿಲಾಯಿ ಆಯಿತು. ಗೆದ್ದಲು ಮುಟ್ಟದಂತೆ ಬೇವಿನ ಹಲಗೆಯ ಗೂಡುಗಳಾದವು. ಬೆಳಕಿಂಡಿಗೆ ಸರಳು ಬಿತ್ತು, ಬಾಗಿಲಿಗೆ ಕಬ್ಬಿಣದ ಪಟ್ಟಿ. ಕೆಳಗೆ ದೀಪ, ಬೀಡಿ ಒಯ್ಯುವಂತಿಲ್ಲ, ಹಗಲಲ್ಲೇ ಇಳಿಯಬೇಕು. ಗೌಡರ ಮನೆಯ ಪರವಾನಗಿ ಬಂದೂಕಿರಲಿ, ಎಲ್ಲಿಂದ ಬಂತೆಂದು ಯಾರೂ ಕೇಳದ ಬಂದೂಕಿರಲಿ, ಮೊದಲು ಪಡಸಾಲೆಯಲ್ಲಿ ಅಪ್ಪನ ಕಣ್ಣೆದುರೇ ಅದರ ಕಾಡತೂಸು ಬಿಚ್ಚಬೇಕು. ಕಾಡತೂಸಿನ ಪೆಟ್ಟಿಗೆ ಅಟ್ಟದ ಮೇಲೆ, ಬಂದೂಕು ನೆಲದ ಕೆಳಗೆ. ದಳದ ಗಟ್ಟಿ ಹುಡುಗರು ಕೂಡ ಅಪ್ಪನ ಮುಂದೆ ಪಾಠ ಒಪ್ಪಿಸುವವರ ಹಾಗೆ ನಿಲ್ಲುತ್ತಿದ್ದರು. ಕಳ್ಳ, ಇಲಿ, ಗೆದ್ದಲು, ಮಳೆ, ಬೆಂಕಿ, ಎಲ್ಲವನ್ನೂ ಅಪ್ಪ ಲೆಕ್ಕಕ್ಕೆ ಹಿಡಿದಿದ್ದ. ಕೀಲಿಕೈ ಮಾತ್ರ, ಅವನು ಶಾಲೆಗೆ ಹೋದಾಗ ಅವ್ವನ ಸೊಂಟದಲ್ಲಿರುತ್ತಿತ್ತು. ಅವ್ವನನ್ನು ಲೆಕ್ಕಕ್ಕೆ ಹಿಡಿಯುವುದು ಅವನಿಗೆ ಹೊಳೆದಿರಲಿಕ್ಕಿಲ್ಲ.

ನಾನು ನೆಲಮನೆಯ ನೆತ್ತಿಯ ಮೇಲಿದ್ದ ಸಣ್ಣ ಕೋಣೆಯಲ್ಲಿ ಹಡೆದೆ. ಗಂಡುಕೂಸು. ಅದು ಅತ್ತರೆ ನನಗೆ ಕೆಳಗಿನ ಬಂದೂಕುಗಳ ನೆನಪು, ಅಳದಿದ್ದರೆ ಕೂಸಿನದೇ ಚಿಂತೆ. ದಾಳಿಯಾದರೆ ಮೊದಲು ಈ ಮನೆಗೇ ಆಗುತ್ತದೆ, ಹಸಿಮೈಯಲ್ಲಿ ಇದನ್ನೆತ್ತಿಕೊಂಡು ಎಲ್ಲಿ ಓಡಲಿ ಎಂದು ಒದ್ದಾಡುತ್ತಿದ್ದೆ. ಅತ್ತೆಯ ಮಾತು ಕೇಳಬೇಕಿತ್ತು ಎನ್ನಿಸಿದ್ದುಂಟು. ಅದನ್ನು ಅವ್ವನ ಮುಂದೆ ಆಡಲಿಲ್ಲ.

ಅವ್ವನಿಗೆ ದಾಳಿಯ ಭಯವಿದ್ದಂತೆ ಕಾಣಲಿಲ್ಲ. ಅವಳಿಗೆ ಇದ್ದದ್ದೊಂದೇ ಭಯ, ಐದನೆಯ ದಿನದ್ದು. ಅಂದು ಸೆಟವಿತಾಯಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂದು ನಮ್ಮಲ್ಲಿ ನಂಬಿಕೆ. ಆ ದಿನ ಕೂಸಿಗೆ ಗಾಳಿ ಸೋಂಕದಿರಲೆಂದು ತಲೆದಿಂಬಿನ ಅಡಿಯಲ್ಲಿ ಕಬ್ಬಿಣ ಇಡಬೇಕು. ಅಡಿಕೆ ಕತ್ತರಿಸುವ ಅಡಕೊತ್ತು ಎಲ್ಲರ ಮನೆಯಲ್ಲೂ ಇರುವುದರಿಂದ ಸಾಮಾನ್ಯವಾಗಿ ಅದನ್ನೇ ಇಡುತ್ತಾರೆ. ಸಂಜೆ ಅವ್ವ ಅರೆಯುವ ಕಲ್ಲನ್ನು ತೊಳೆದು ಅರಿಷಿಣ ಕುಂಕುಮ ಹಚ್ಚಿದಳು, ಬಿಳಿಯ ಹಾಳೆ, ಲೇಖನಿ ಇಟ್ಟಳು, ಕಡಲೆ ಗುಗ್ಗರಿಯ ಎಡೆ ಹಿಡಿದಳು. ಕೂಸಿನ ತಲೆದಿಂಬನ್ನೆತ್ತಿ ಸೆರಗಿನ ಮರೆಯಲ್ಲಿ ಏನನ್ನೋ ಇಟ್ಟದ್ದನ್ನು ಕಂಡೆ. ಅಡಕೊತ್ತು ಇರಬೇಕೆಂದುಕೊಂಡು ಮಗ್ಗುಲಾದೆ.

ಮರುದಿನ ಬೆಳಗ್ಗೆ ಅವ್ವ ಬಚ್ಚಲಲ್ಲಿ ನೀರು ಕಾಸುತ್ತಿದ್ದಳು. ಕೂಸು ಹಾಲು ಕಕ್ಕಿ ತಲೆದಿಂಬು ತೊಯ್ದಿತ್ತು. ಬದಲಿಸೋಣವೆಂದು ಎತ್ತಿದೆ. ಪಿಸ್ತೂಲು. ಕರ್ರಗೆ, ಎಣ್ಣೆ ಸವರಿದ್ದು, ನಳಿಗೆಯ ಬಾಯಿ ಕೂಸಿನ ನೆತ್ತಿಗೇ ತಿರುಗಿತ್ತು. ನಳಿಗೆಯ ಮೇಲೆ ಬೊಟ್ಟಿನಷ್ಟು ಕುಂಕುಮ.

ಆ ದಿಂಬನ್ನು ನಾನೇ ರಾತ್ರಿಯಿಡೀ ಎಳೆದಾಡಿದ್ದೆ, ಅದಕ್ಕೆ ಮೊಣಕೈಯೂರಿ ಹಾಲು ಕುಡಿಸಿದ್ದೆ. ಕೂಸನ್ನು ಎದೆಗವುಚಿಕೊಂಡು ಗೋಡೆಗೆ ಒರಗಿದೆ, ಕಾಲಿಗೆ ಸಿಕ್ಕ ತಂಬಿಗೆ ಉರುಳಿತು. ಆ ಸದ್ದಿಗೆ ಅಪ್ಪ ಹೊಸ್ತಿಲಿಗೆ ಬಂದ. ಹೆರಿಗೆಯ ಮೈಲಿಗೆ, ಪುರುಡು, ಮುಗಿಯುವ ತನಕ ಗಂಡಸರು ಬಾಣಂತಿಯ ಕೋಣೆಗೆ ಕಾಲಿಡುವಂತಿಲ್ಲ. ಮೊಮ್ಮಗನ ಮುಖವನ್ನು ಕೂಡ ಅವನು ದೂರದಿಂದಲೇ ನೋಡಿದ್ದ. ಹಾಸಿಗೆಯ ಮೇಲಿದ್ದುದನ್ನು ಕಂಡವನು ಹೊಸ್ತಿಲು ದಾಟಿ ಒಳಗೆ ಬಂದೇಬಿಟ್ಟ.

ಎರಡೂ ಕೈಯಿಂದ ಪಿಸ್ತೂಲನ್ನೆತ್ತಿ, ಗೋಡೆಯ ಕಡೆ ತಿರುಗಿಸಿ ಬಿಚ್ಚಿದ. ಕೂಸಿನ ಕೌದಿಯ ಮೇಲೆ ಕಾಡತೂಸುಗಳು ಒಂದೊಂದಾಗಿ ಬಿದ್ದವು. ಅಪ್ಪ ಹಾಗೇ ನನ್ನ ಹಾಸಿಗೆಯ ಮೇಲೆ ಕುಸಿದು ಕೂತ.

ಅವ್ವ ಬಿಸಿನೀರಿನ ಕೊಡ ಹಿಡಿದು ಬಂದಳು. ಇದನ್ನು ಇಲ್ಲಿಗೆ ತಂದವರು ಯಾರೆಂದು ಅಪ್ಪ ಕೇಳಿದ. ತಾನೇ ಎಂದಳು. ಹಿಂದಿನ ದಿನ ಮಧ್ಯಾಹ್ನ ಅಪ್ಪ ಶಾಲೆಯಲ್ಲಿದ್ದಾಗ ದಳದವನೊಬ್ಬ ಅವಸರದಲ್ಲಿ ಬಂದು, ಮಾಸ್ತರಿಗೆ ಕೊಡಿ ಎಂದು ಅವಳ ಕೈಗಿತ್ತು ಹೋಗಿದ್ದನಂತೆ. ನೆಲಮನೆಯ ಬಾಗಿಲನ್ನು ಅವಳು ತೆಗೆದೂ ಇರಲಿಲ್ಲ. ಅಡುಗೆಮನೆಯಲ್ಲೇ ಇಟ್ಟು, ಸಂಜೆ ಕುಂಕುಮ ಹಚ್ಚಿ ತಂದಿದ್ದಳು.

"ಅಡಕೊತ್ತು ಇರಲಿಲ್ಲೇನು ಮನಿಯಾಗ?" ಎಂದ ಅಪ್ಪ.

ಅವ್ವ ಕೊಡ ಇಳಿಸಿದಳು. "ಅಡಕೊತ್ತು ಇಟ್ಟ ಎರಡು ಕೂಸು ಕಳಕೊಂಡೇನ್ರಿ ನಾ. ಎರಡೂ ಐದನೇ ದಿನ ದಾಟಲಿಲ್ಲ, ನೀವ ಮಣ್ಣಿಗೆ ಒಯ್ದೀರಿ. ಇಕಿ ಹುಟ್ಟಿದಾಗ ಗುಡಿಯೊಳಗಿನ ಖಡ್ಗ ಬೇಡಿ ತಂದು ಇಟ್ಟೆ, ಇಕಿ ಉಳದ್ಲು. ಈಗ ಆ ಖಡ್ಗ ತುಕ್ಕು ತಿಂದು ಮುರದೈತಿ. ಇಡೀ ಊರು ಕಾಯಾಕ ಅಂತ ನೀವ ತಂದಿದ್ದಲ್ಲೇನ್ರಿ ಇವನ್ನ? ನನ್ನ ಮೊಮ್ಮಗನ್ನ ಒಂದ ರಾತ್ರಿ ಕಾಯಲಿ ಅಂತ ಇಟ್ಟೆ."

ಅಪ್ಪ ಕೌದಿಯ ಮೇಲಿನ ಕಾಡತೂಸುಗಳನ್ನು ಒಂದೊಂದಾಗಿ ಆರಿಸತೊಡಗಿದ. ನೀರು ಆರುತ್ತದೆ ಎನ್ನುತ್ತ ಅವ್ವ ನನ್ನ ತೋಳಿನಿಂದ ಕೂಸನ್ನು ಬಿಡಿಸಿಕೊಂಡು ಬಚ್ಚಲಿಗೆ ಹೋದಳು. ಆ ಗಳಿಗೆಯವರೆಗೂ ನಾನು ನನ್ನನ್ನೇ ಆ ಮನೆಯ ಚೊಚ್ಚಲ ಕೂಸೆಂದು ತಿಳಿದಿದ್ದೆ.