ಕಡಲೆ ಹೊಲದ ಮುಯ್ಯಿ

ಮನುಷ್ಯ ತನ್ನ ಲಾಭ ನಷ್ಟ ತೂಗಿ ನೋಡಿಯೇ ಯಾವ ಕೆಲಸಕ್ಕೂ ಇಳಿಯುತ್ತಾನೆ ಎಂಬ ಸಿದ್ಧಾಂತವನ್ನು ನಾನು ಪ್ರತಿವರ್ಷ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ.

ಹೆಂಡತಿ ತೀರಿಕೊಂಡ ತಿಂಗಳಿಗೆ ಚಿಕ್ಕನರಗುಂದದ ನಮ್ಮ ಹೊಲಕ್ಕೆ ಹೋದೆ. ಒಣಗಿ ನಿಂತ ಕಡಲೆ ಅಷ್ಟರಲ್ಲಿ ಉದುರಿಹೋಗಿರುತ್ತದೆ ಎಂಬ ಚಿಂತೆ ನನಗಿತ್ತು. ನೋಡಿದರೆ, ಗುರುತಿಲ್ಲದ ಆರು ಹೆಂಗಸರು ಅದನ್ನು ಕಿತ್ತು ಗುಡ್ಡೆ ಹಾಕುತ್ತಿದ್ದರು. ಕಳ್ಳರೆಂದು ಕೂಗಿಯೇಬಿಟ್ಟೆ.

“ಒದರಬ್ಯಾಡ್ರಿ ಸರ್, ಮುಯ್ಯಿ ತೀರಸಾಕ ಬಂದೇವಿ,” ಎಂದಳು ಅವರಲ್ಲಿ ಹಿರಿಯಳು. “ನಿಮ್ಮ ಮನಿಯವ್ರು ನಮ್ಮ ಹೊಲದಾಗ ಐದು ದಿನ ಕಸ ತಗದಿದ್ರು.”

ನಾನು ಪಾಠಕ್ಕೆ ಹೋದ ದಿನಗಳಲ್ಲಿ ನನ್ನ ಹೆಂಡತಿ ಬೇರೆಯವರ ಹೊಲದಲ್ಲಿ ದುಡಿದಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ.

“ಆಕೀನ ಇಲ್ಲ ಈಗ. ನೀವು ಬರದಿದ್ರ ಯಾರು ಕೇಳ್ತಿದ್ರು?” ಎಂದೆ.

“ಕೇಳಾವ್ರಿಲ್ಲಂತ ಬಿಡಾಕ ಬರ್ತದೇನ್ರಿ? ಸಾಲ್ಯಾಗ ಇದನ್ನ ಕಲಸ್ತೀರೇನು?” ಎಂದು ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ಆಕಿ ಐದು ದಿನಕ್ಕ ನಾವು ಆರು ಆಳು ಬಂದೇವಿ. ಒಂದ ದಿನ ನಿಮ್ಮ ಮ್ಯಾಲ ಬಂತು. ಐತವಾರ ನಮ್ಮ ಹೊಲಕ್ಕ ಬರ್ರಿ.”

ಹೋದೆ. ಸಂಜೆ ನಾನು ಕಿತ್ತ ಸಾಲುಗಳನ್ನು ನೋಡಿ, ಅವರು ಅದನ್ನು ಅರ್ಧ ದಿನವೆಂದೇ ಹಿಡಿದರು.