ಅತ್ತೆ ಎತ್ತಿಕೊಳ್ಳದ ಮಕ್ಕಳು

ಮುಲಾಮಿನ ಟ್ಯೂಬು ತೆರೆದೊಡನೆ ಡಾಂಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಖಾನಾಪುರದ ನಮ್ಮ ಹಳೆಯ ಮನೆ, ಕಂಬಕ್ಕೆ ಒರಗಿ ಮೊಣಕೈಗೆ ಕರಿ ಮುಲಾಮು ತಿಕ್ಕಿಕೊಳ್ಳುತ್ತಿದ್ದ ಸೋದರತ್ತೆ...

ನನ್ನ ಮೊಣಕೈ ಮೇಲೂ ಬೆಳ್ಳಗೆ ಹೊಟ್ಟು ಏಳತೊಡಗಿತ್ತು. ಮೊಬೈಲಿನಲ್ಲಿ ಹುಡುಕಿ ಹುಡುಕಿ, ಊಟದ ಹೊತ್ತಾಗುವಷ್ಟರಲ್ಲಿ ಇಲ್ಲಸಲ್ಲದ ರೋಗಗಳನ್ನೆಲ್ಲ ನನಗೇ ಅಂಟಿಸಿಕೊಂಡು ಕೂತಿದ್ದೆ. ಬೇಸತ್ತ ಹೆಂಡತಿ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಚರ್ಮದ ಡಾಕ್ಟರ ಬಳಿ ಎಳೆದೊಯ್ದಳು. ಅವರು ಸೋರಿಯಾಸಿಸ್ ಎಂದರು.

"ನಿಮ್ಮ ಮನಿತನದಾಗ ಯಾರಿಗರೆ ಇತ್ತೇನ್ರಿ?"

"ಛೇ, ಯಾರಿಗೂ ಇಲ್ರಿ!" ಎಂದುಬಿಟ್ಟೆ.

"ಡಾಕ್ಟರೇನು ನಿಮಗ ಕನ್ಯಾ ಕೊಡಾಕ ಬಂದಾರೇನ್ರಿ? ಖರೇ ಹೇಳ್ರಿ," ಎಂದಳು ಹೆಂಡತಿ.

ಅವಳ ಮಾತು ನಿಜ. ಅಕ್ಕನನ್ನು ನೋಡಲು ಬೆಳಗಾವಿಯಿಂದ ಬೀಗರಾಗುವವರು ಬಂದಾಗಲೆಲ್ಲ ನಮ್ಮ ಮನೆಯವರು ಹೇಳುತ್ತಿದ್ದ ಉತ್ತರವೇ ಅದು. ಅಂಥ ದಿನ ಅತ್ತೆ ಬೆಳಿಗ್ಗೆಯೇ ಕೈಚೀಲ ಹಿಡಿದು, ರೈಲು ಹತ್ತಿ, ಗುಂಜಿಯ ನೆಂಟರ ಮನೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಇರು ಎಂದು ಕೂಡ...

ಬೇಸಿಗೆಯಲ್ಲೂ ತುಂಬುತೋಳಿನ ಕುಪ್ಪಸ. ತನ್ನ ತಾಟು, ತನ್ನ ಚಾದರ ಎಲ್ಲವನ್ನೂ ತಾನೇ ಬೇರೆ ಮಾಡಿಟ್ಟುಕೊಂಡಿದ್ದಳು. ಮಕ್ಕಳೆಂದರೆ ಜೀವ, ಆದರೆ ಶೇಂಗಾ ಉಂಡೆಯನ್ನು ನಮ್ಮ ಅಂಗೈಗೆ ಮೇಲಿನಿಂದಲೇ ಬೀಳಿಸುತ್ತಿದ್ದಳು. ನಾನು ತೊಡೆ ಏರಲು ಹೋದರೆ ಸರಕ್ಕನೆ ಹಿಂದೆ ಸರಿಯುತ್ತಿದ್ದಳು.

"ಏ ಬಾಳಾ, ದೂರ ಕುಂದ್ರು! ನಂದು ನಿನಗ ಹತ್ತತೈತಿ. ನಾಳೆ ನಿನಗ ಯಾರು ಹೆಣ್ಣು ಕೊಡ್ತಾರ?"

ನಾನು ಆಟವೆಂದು ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ಡಾಕ್ಟರಿಗೆ ಇದೆಲ್ಲ ಹೇಳಿದೆ. "ಇದು ಮುಟ್ಟಿದ್ರ ಹತ್ತೂ ರೋಗ ಅಲ್ರಿ," ಎಂದರು. "ಮನಿತನದಾಗ ಇದ್ರ ಬರೂ ಸಂಭವ ಜರಾ ಜಾಸ್ತಿ, ಅಷ್ಟ. ಎಲ್ಲಾರಿಗೂ ಬರ್ತದಂತ ಏನಿಲ್ಲ."

ಅಂದರೆ ಬರುವುದಿದ್ದರೆ ಅದು ನನ್ನೊಳಗೆ ಹುಟ್ಟಿನಿಂದಲೇ ಇತ್ತು. ಅವಳ ತೊಡೆಯ ಮೇಲೆ ಕೂತಿದ್ದರೂ ಅಷ್ಟೇ, ಕೂರದಿದ್ದರೂ ಅಷ್ಟೇ. ಈ ಒಂದು ಮಾತನ್ನು ಅವಳಿಗೆ ಯಾರೂ ಹೇಳಲಿಲ್ಲ. ನಮ್ಮನ್ನು ತನ್ನಿಂದ ಕಾಪಾಡುತ್ತಲೇ ಅವಳು ತೀರಿಹೋಗಿ ಎಷ್ಟೋ ವರ್ಷಗಳಾದವು.

ಮನೆಗೆ ಬಂದು ಮುಲಾಮು ಹಚ್ಚಿಕೊಳ್ಳುತ್ತಾ ಕೂತೆ. ಅವಳ ದನಿ ನೆನಪಿದೆ, ನಗು ನೆನಪಿದೆ. ಕೈ ಮಾತ್ರ... ಬೆಚ್ಚಗಿತ್ತೋ, ತಣ್ಣಗಿತ್ತೋ, ನನಗೆ ಗೊತ್ತೇ ಇಲ್ಲ.