ಅರದ ದನಿ

ಹೊನ್ನಾಳಿಯಲ್ಲಿ ನನ್ನದೊಂದು ಕುಲುಮೆ ಇದೆ. ಅಡಿಕೆ ಸುಲಿಯುವ ಕತ್ತಿ, ಕುಡುಗೋಲು ಮಾಡುತ್ತೇನೆ. ನಾನು ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದ ಅಕ್ಕನೇ ಇಪ್ಪತ್ತು ವರ್ಷ ನನ್ನ ಎದುರು ಕೂತು ತಿದಿ ಒತ್ತಿದಳು.

ಕೆಂಪಗೆ ಕಾದ ಅಲಗನ್ನು ನೀರಿಗದ್ದಿ ಹದ ಕೊಟ್ಟ ಮೇಲೆ ಅಂಚು ಗಟ್ಟಿಯಾಯಿತೋ ಇಲ್ಲವೋ ಎಂದು ಕಬ್ಬಿಣ ಉಜ್ಜುವ ಅರವನ್ನು ಅದರ ಮೇಲೆ ಎಳೆದು ನೋಡಬೇಕು. ಗಟ್ಟಿಯಾಗಿದ್ದರೆ ಅರ ಗಾಜಿನ ಮೇಲೆ ಜಾರಿದಂತೆ ಸಣ್ಣಗೆ ಕಿರ್ರೆನ್ನುತ್ತದೆ. ಮೆತ್ತಗಿದ್ದರೆ ಕಚ್ಚುತ್ತದೆ, ಅದು ಬೆರಳಿಗೆ ತಿಳಿಯುತ್ತದೆ. ಸುತ್ತಿಗೆಯ ಏಟಿಗೆ ನನ್ನ ಕಿವಿ ಆ ಸಣ್ಣ ದನಿಯನ್ನು ಎಂದೋ ಕಳೆದುಕೊಂಡಿತ್ತು. ಕೆಂಡಕ್ಕೆ ಬೆರಳ ತುದಿಗಳೂ ಸತ್ತಿದ್ದವು. ಹಾಗಾಗಿ ಅರ ಎಳೆಯುವ ಕೆಲಸ ಅಕ್ಕನದು. ಅವಳು "ಆತು" ಅಂದರೆ ಆಯಿತು.

ಹೋದ ವರ್ಷ ಅವಳು ಜಗಳೂರಿಗೆ, ಮಗಳ ಮನೆಗೆ ಹೋದಳು. ಬಾಣಂತನಕ್ಕೆಂದು ಹೋದವಳು ಅಲ್ಲೇ ಉಳಿದಳು. ನಾನು ಒಬ್ಬನೇ ಅರ ಎಳೆಯುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ.

ಅಡಿಕೆ ಸುಗ್ಗಿಯಲ್ಲಿ ಗೋವಿನಕೋವಿಯ ಹೆಣ್ಣುಮಗಳೊಬ್ಬಳು ನಾನು ಮಾಡಿಕೊಟ್ಟ ಕತ್ತಿಯನ್ನು ವಾಪಸು ತಂದಳು. ಅಲಗಿನ ಅಂಚು ಮಡಚಿಕೊಂಡಿತ್ತು.

"ಅಣ್ಣಾ, ಒಂದು ಚೀಲ ಸುಲಿಯೋದ್ರೊಳಗೆ ಹಿಂಗಾತು ನೋಡ್ರಿ. ನಿಮ್ಮ ಕತ್ತಿ ಮೊದ್ಲು ಹಿಂಗಿರಲಿಲ್ಲ."

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದೇ ನನಗೆ ಹೆಚ್ಚು ನಾಟಿತು. ಮತ್ತೆ ಕಾಯಿಸಿದೆ, ಮತ್ತೆ ಹದ ಕೊಟ್ಟೆ. ನಂಬಿಕೆ ಬರಲಿಲ್ಲ. ಮರುದಿನ ಕತ್ತಿಯನ್ನೂ ಅರವನ್ನೂ ಟವೆಲಿನಲ್ಲಿ ಸುತ್ತಿಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ.

ಅಕ್ಕ ಅಂಗಳದಲ್ಲಿ ಮೊಮ್ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಕತ್ತಿ ಕಂಡು ಕೈ ಒರೆಸಿಕೊಂಡಳು. ಅಂಚಿನ ಮೇಲೆ ಅರ ಒಮ್ಮೆ ಎಳೆದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ಕಿವಿಯನ್ನು ಹತ್ತಿರ ತರಲೇ ಇಲ್ಲ. ಅಲಗನ್ನು ಬಿಸಿಲಿಗೆ ಓರೆ ಮಾಡಿ ಹಿಡಿದಳು.

"ಕೇಳ್ಸಲ್ವೇನೇ ನಿಂಗೆ?" ಎಂದೆ.

"ಎಲ್ಲಿ ಕೇಳ್ತೈತೆ. ಅದೇ ಕುಲುಮೆಯಾಗೆ ನಾನೂ ಕುಂತಿದ್ನಲ್ಲೋ ತಮ್ಮ. ನಾಕೈದು ವರ್ಷಾತು. ಹೇಳಿದ್ರೆ ನೀನು ಕುಲುಮೆ ಕೆಲ್ಸಾನೇ ಬಿಡ್ತಿದ್ದಿ ಅಂತ ಸುಮ್ನಿದ್ದೆ." ನನ್ನ ತಲೆಯನ್ನು ಅಲಗಿನತ್ತ ಬಗ್ಗಿಸಿದಳು. "ಇಲ್ಲಿ ನೋಡು. ಅರ ಕಚ್ಚಿದ್ರೆ ಬೆಳ್ಳಗೆ ಗೆರೆ ಬೀಳ್ತೈತೆ. ಬಿದ್ದಿಲ್ಲ. ಆತು, ಕೊಡು ಆಕೆಗೆ."

ಊಟ ಮಾಡಿ ಮೂರು ಗಂಟೆಯ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಅವಳು ಏನೂ ಕೇಳಿಸದೆಯೇ "ಆತು" ಎಂದ ಆ ವರ್ಷಗಳನ್ನೇ ನೆನೆಯುತ್ತಿದ್ದೆ.

ಗೋವಿನಕೋವಿಯವಳು ಮತ್ತೆ ದೂರು ತರಲಿಲ್ಲ. ತನ್ನ ಜೊತೆ ಸುಲಿಯುವ ಇಬ್ಬರನ್ನು ಕಳಿಸಿದಳು. ಅವರ ಕತ್ತಿಗಳನ್ನು ಬಾಗಿಲಲ್ಲಿ ನಿಂತು ಬಿಸಿಲಿಗೆ ಹಿಡಿದು ನಾನೇ ನೋಡಿದೆ, ಗೆರೆ ಬಿದ್ದಿರಲಿಲ್ಲ. ಹೇಳಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಇನ್ನು ಕತ್ತಿಯ ನೆಪ ಹೇಳಿ ಜಗಳೂರಿಗೆ ಹೋಗುವಂತೆಯೂ ಇರಲಿಲ್ಲ.

ಸಂಜೆ ಫೋನು ಮಾಡಿದೆ. ಇಬ್ಬರೂ "ಹಾಂ? ಹಾಂ?" ಎಂದು ಕೂಗಿದ್ದೇ ಬಂತು. ಕೊನೆಗೆ ಅಕ್ಕನ ಮಗಳು ಫೋನು ಇಸಕೊಂಡು ಜೋರಾಗಿ ಹೇಳಿದಳು: "ಮಾವ, ಊಟ ಆತಾ ಅಂತ ಕೇಳ್ತಾಳೆ ಅವ್ವ."

"ಆತು ಅಂತ ಹೇಳವ್ವ" ಎಂದೆ. ಅಕ್ಕಿ ಇನ್ನೂ ತೊಳೆದಿರಲಿಲ್ಲ.